ಗಿಗಾಹರ್ಟ್ಸ್ ಏರಿಸಿದ ವೀರರಿಗೊಂದು ಅಭಿನಂದನೆ

ಹಳೆಯ ಟ್ಯಾಬಿಗೆ ಕಸ್ಟಮ್ ರಾಮ್ (ROM, ಕಂಪನಿಯದಲ್ಲದ, ಹೊರಗಿನವರು ರೂಪಿಸಿದ ಆಂಡ್ರಾಯ್ಡ್) ಹಾಕಿ, ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಎಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಿ, 'ಹೊಸದಕ್ಕಿಂತ ಫಾಸ್ಟ್' ಮಾಡಿಕೊಡುವ ವಿದ್ಯೆ ವಿರಾಜಪೇಟೆ, ಸೋಮವಾರಪೇಟೆಯ ಹುಡುಗರ ಕೈಗೂ ಬಂದಿರುವುದು ಕೊಡಗಿನ ಪಾಲಿಗೆ ಹೆಮ್ಮೆಯ ಸಂಗತಿ. ಗಾಳಿಗೆ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಒರಗಿದರೆ ದಿನಗಟ್ಟಲೆ ಕರೆಂಟ್ ಕಾಣದ, ಕರೆಂಟಿನ ಹಿಂದೆಯೇ ಟವರೂ ಮಲಗಿಬಿಡುವ ಜಿಲ್ಲೆಯಲ್ಲಿ ನಿಜವಾದ ಕೊರತೆಯಿದ್ದದ್ದು ಪ್ರೊಸೆಸರಿನ ವೇಗಕ್ಕೇ ಎಂಬುದನ್ನು ಅವರು ಕೊನೆಗೂ ಪತ್ತೆಹಚ್ಚಿದ್ದಾರೆ. 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಕೊಡೆ ಹಿಡಿದು ಗುಡ್ಡ ಹತ್ತಿ ಕುಳಿತ ಮಕ್ಕಳಿಗೆ ಇದು ಆಗಲೇ ಹೊಳೆದಿದ್ದರೆ, 'ನೆಟ್‌ವರ್ಕ್ ಇಲ್ಲ' ಎಂಬ ಸೂಚನೆಯನ್ನು ಇನ್ನಷ್ಟು ಬೇಗ ಓದಿ ಮುಗಿಸುತ್ತಿದ್ದರು.

ವೇಗ ಏರಿಸಿದರೆ ಚಿಪ್ ತಡವರಿಸುತ್ತದೆ, ತಡವರಿಸದಂತೆ ಮಾಡಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಚಿಪ್ ಬಳಸುವ ವಿದ್ಯುತ್ತು ವೇಗದೊಂದಿಗೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕನುಗುಣವಾಗಿಯೂ ಹೆಚ್ಚುವುದರಿಂದ, ವೇಗವನ್ನು ಶೇ 20, ವೋಲ್ಟೇಜನ್ನು ಶೇ 10 ಏರಿಸಿದ ವೀರನು ಸುಮಾರು ಶೇ 45ರಷ್ಟು ಹೆಚ್ಚಿನ ಕಾವನ್ನು ಫ್ಯಾನೇ ಇಲ್ಲದ ಡಬ್ಬಿಯೊಳಗೆ, ಲಿಥಿಯಂ ಬ್ಯಾಟರಿಯ ಮಗ್ಗುಲಲ್ಲೇ ಕೂಡಿಹಾಕುತ್ತಾನೆ. ಮಡಿಕೇರಿಯ ಜುಲೈ ಚಳಿಯಲ್ಲಿ ಕೈ ಕಾಯಿಸಿಕೊಳ್ಳಲು ಅನುಕೂಲವೇ ಸರಿ. ಕಾವು ಮಿತಿಮೀರಿದಾಗ ಟ್ಯಾಬು ತಾನಾಗಿ ವೇಗ ತಗ್ಗಿಸಿಕೊಳ್ಳುವ ಏರ್ಪಾಡೊಂದಿದೆ, ಆದರೆ ಈ ವಿದ್ಯೆ ಕಲಿಸುವ ವಿಡಿಯೋ ಪಂಡಿತರು ಅದನ್ನೂ ಆಫ್ ಮಾಡಿಸುತ್ತಾರೆ. ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿಯನ್ನೇ ಕಟ್ಟಿಹಾಕುವ ಜಾಣತನವಿದು.

ಗೂಗಲ್‌ನ 2012ರ ಟ್ಯಾಬು ನೆಕ್ಸಸ್ 7 ಇದ್ದವರಿಗೆ ಈ ಪುರಾಣ ಗೊತ್ತಿದೆ. ಅದರ 1.3 ಗಿಗಾಹರ್ಟ್ಸ್ ಪ್ರೊಸೆಸರನ್ನು ಕಸ್ಟಮ್ ಕರ್ನಲ್ (ಚಿಪ್ಪನ್ನು ನಿಯಂತ್ರಿಸುವ, ಆಂಡ್ರಾಯ್ಡಿನ ಒಳತಿರುಳು) ಹಾಕಿ 1.6ಕ್ಕೂ ಮೇಲೆ ಓಡಿಸಿದವರಿದ್ದರು. ಬಳಸುತ್ತ ಬಳಸುತ್ತ ಅದು ಆಮೆಯಾಗಲು ಸ್ಟೋರೇಜ್ ಚಿಪ್ಪಿನ ನಿಧಾನವೇ ದೊಡ್ಡ ಕಾರಣವಾಗಿತ್ತು, ಮರುವರ್ಷದ ಆಂಡ್ರಾಯ್ಡ್ 4.3ರಲ್ಲಿ ಅದಕ್ಕೊಂದಿಷ್ಟು ಪರಿಹಾರವೂ ಸಿಕ್ಕಿತು. ನೋವು ಹೊಟ್ಟೆಯಲ್ಲಿ, ಮುಲಾಮು ಮಂಡಿಗೆ.

ಹೊರಗಿನ ಸಾಫ್ಟ್‌ವೇರ್ ಹಾಕಲೆಂದು ಬೂಟ್‌ಲೋಡರ್ ಅನ್‌ಲಾಕ್ ಮಾಡಿದಾಗ, ಅಂದರೆ ಕಂಪನಿ ಹಾಕಿದ ಬೀಗ ತೆಗೆದಾಗ, ಒಳಗಿದ್ದ ಹುತ್ತರಿಯ ಫೋಟೋಗಳೆಲ್ಲ ಅಳಿಸಿಹೋದದ್ದು, ಬ್ಯಾಂಕಿನ ಆಪ್ ಬಾಗಿಲು ತೆರೆಯದೇ ಇದ್ದದ್ದು, ದುಡ್ಡು ಕೊಟ್ಟು ನೋಡುವ ಸಿನಿಮಾ ಮಸುಕಾದದ್ದು, ಇವೆಲ್ಲ ಸಣ್ಣಪುಟ್ಟ ತ್ಯಾಗಗಳು. ಕರ್ನಲ್ ಹೊಂದದೆ ಟ್ಯಾಬು ಲೋಗೋ ತೋರಿಸುತ್ತ, ಆರುತ್ತ, ಮತ್ತೆ ಲೋಗೋ ತೋರಿಸುತ್ತ ಕುಳಿತರೆ ಅಂಗಡಿಯವನು 'ಬೋರ್ಡ್ ಹೋಗಿದೆ ಸಾರ್' ಎನ್ನುತ್ತಾನೆ, ಪಂಡಿತರಾದರೋ 'ನಿಮ್ಮದೇ ಜವಾಬ್ದಾರಿ ಎಂದು ಮೊದಲೇ ಹೇಳಿದ್ದೆವಲ್ಲ' ಎನ್ನುತ್ತಾರೆ.

ಹುಡುಗರನ್ನು ಎಷ್ಟೆಂದು ಗೇಲಿ ಮಾಡುವುದು? ಎಂಟು ವರ್ಷ ಬಾಳಬಹುದಾದ ಯಂತ್ರವನ್ನು ಮಾರಿ, ಎರಡೇ ವರ್ಷಕ್ಕೆ ಅಪ್‌ಡೇಟ್ ನಿಲ್ಲಿಸಿ, ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿ, ಹೊಸದನ್ನು ಕೊಳ್ಳಿ ಎನ್ನುವವರ ಮೇಲೆ ಯಾವ ವಾರಂಟಿ ಷರತ್ತೂ ಇಲ್ಲ. ದುಡ್ಡಿದ್ದವನು ಕೊಳ್ಳುತ್ತಾನೆ, ಇಲ್ಲದವನು ಅಪ್ಪನ ಹಳೆಯ ಟ್ಯಾಬಿಗೆ ಏನೇನೋ ತುಂಬಿ ಕಾಯಿಸುತ್ತಾನೆ. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದರೆ ಅದನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗಿಡಬಾರದು ಎಂಬುದನ್ನಾದರೂ ಆ ಪಂಡಿತರು ವಿಡಿಯೋದ ಕೊನೆಯಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ಸಬ್‌ಸ್ಕ್ರೈಬ್ ಮಾಡಿ ಎನ್ನುವುದಕ್ಕೇ ಅವರಿಗೆ ಸಮಯ ಸಾಲುವುದಿಲ್ಲ.