ಅಟ್ಟದ ಮೇಲಿನ ಕೆಂಪು ಗುರುತಿನ ಬಾಟಲಿ

ನಮ್ಮ ಹಾವೇರಿ ಕಡೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೋದು' ಎನ್ನುತ್ತಾರೆ. ಸ್ವಲ್ಪ ಓದಿದವರು 'ಔಷಧಿ ಹೊಡೆಯುವುದು' ಎನ್ನುತ್ತಾರೆ. ವಿಷ ಎಂಬ ಪದ ಎರಡರಲ್ಲೂ ಇಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಎಣ್ಣೆ ಹೊಡೆದು ಮಧ್ಯಾಹ್ನ ಮನೆಗೆ ಬಂದ ನಮ್ಮ ಕಾಕಾ ಕಟ್ಟೆಯ ಮೇಲೆ ಕುಳಿತವರು ವಿಪರೀತ ಬೆವರತೊಡಗಿದರು, ಬಾಯಿಂದ ಜೊಲ್ಲು ಸುರಿಯತೊಡಗಿತು. ಬಿಸಿಲು ಬಡಿದಿದೆ ಎಂದುಕೊಂಡು ಅಜ್ಜಿ ಮಜ್ಜಿಗೆ ತಂದಳು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಮೊದಲು ನೋಡಿದ್ದು ಅವರ ಕಣ್ಣನ್ನು: ಪಾಪೆ ಸೂಜಿಮೊನೆಯಷ್ಟು ಕುಗ್ಗಿತ್ತು. ಕಾಕಾ ಒಂದು ಹನಿಯನ್ನೂ ಕುಡಿದಿರಲಿಲ್ಲ. ಬೆನ್ನಿಗೆ ಕಟ್ಟಿದ್ದ ಪಂಪು ಸೋರಿ ಅಂಗಿ ತೊಯ್ದಿತ್ತು, ಅಷ್ಟೆ. ಆ ಬಾಟಲಿಯಲ್ಲಿದ್ದದ್ದು ಮೊನೊಕ್ರೊಟೊಫಾಸ್.

ಇದು ಆರ್ಗನೊಫಾಸ್ಫೇಟ್ ಗುಂಪಿಗೆ ಸೇರಿದ ಕೀಟನಾಶಕ. ನಮ್ಮ ನರವು ಸ್ನಾಯುವಿಗೆ ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕಲು ದೇಹದಲ್ಲಿ ಒಂದು ಕಿಣ್ವವಿದೆ. ಆರ್ಗನೊಫಾಸ್ಫೇಟ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಅಪ್ಪಣೆ ನಿಲ್ಲುವುದೇ ಇಲ್ಲ: ಕಣ್ಣೀರು, ಜೊಲ್ಲು, ಬೆವರು, ವಾಂತಿ, ಭೇದಿ ಶುರುವಾಗುತ್ತವೆ, ಶ್ವಾಸನಾಳದಲ್ಲಿ ದ್ರವ ತುಂಬುತ್ತದೆ, ಮಾಂಸಖಂಡಗಳು ಅದುರಿ ಅದುರಿ ಕೊನೆಗೆ ಸೋತುಹೋಗುತ್ತವೆ. ಸಾವು ಬರುವುದು ಹೆಚ್ಚಾಗಿ ಉಸಿರು ನಿಂತು. ಅಟ್ರೊಪಿನ್ ಚುಚ್ಚುಮದ್ದು ಶ್ವಾಸನಾಳದ ದ್ರವವನ್ನು ಒಣಗಿಸಿ ಜೀವ ಉಳಿಸುತ್ತದೆ. ಆದರೂ ಚೇತರಿಸಿಕೊಂಡಂತೆ ಕಂಡವರಿಗೆ ಒಂದೆರಡು ದಿನದ ನಂತರ ಕತ್ತು ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಕೈಕೊಡುವುದುಂಟು. ಆದ್ದರಿಂದಲೇ ವೈದ್ಯರು ಅವರನ್ನು ಬೇಗ ಮನೆಗೆ ಕಳಿಸುವುದಿಲ್ಲ.

ಮೊನೊಕ್ರೊಟೊಫಾಸ್‌ನ ಅಪಾಯ ಅದರ ಗುಣದಲ್ಲೇ ಇದೆ ಎಂಬುದು ನನ್ನ ವಾದ. ಅದು ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ, ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಗಿಡದ ರಸದೊಳಕ್ಕೇ ಸೇರಿಕೊಂಡು ರಸ ಹೀರುವ ಹುಳುವನ್ನು ಕೊಲ್ಲುವುದು ಅದರ ಹೆಚ್ಚುಗಾರಿಕೆ. ಅದೇ ಕಾರಣಕ್ಕೆ, ಒಳಸೇರಿದ್ದನ್ನು ಎಷ್ಟು ತೊಳೆದರೂ ತೆಗೆಯಲಾಗದು. 2005ರಲ್ಲೇ ನಮ್ಮ ದೇಶದಲ್ಲಿ ತರಕಾರಿಗೆ ಇದರ ಬಳಕೆಯನ್ನು ನಿಷೇಧಿಸಲಾಯಿತು. ಆದರೆ ಹತ್ತಿಗೆಂದು ಕೊಂಡ ಬಾಟಲಿ ಬದನೆಯ ಸಾಲಿಗೆ ಹೋಗದಂತೆ ತಡೆಯುವವರು ಯಾರು? ಹಕ್ಕಿಗಳಿಗಂತೂ ಇದು ಘೋರ ವಿಷ. 1995-96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಮಿಡತೆಗಳ ಮೇಲೆ ಇದನ್ನು ಸಿಂಪಡಿಸಿದಾಗ, ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಬಂದಿದ್ದ ಸ್ವೇನ್ಸನ್ ಗಿಡುಗಗಳು ಸಾವಿರಗಟ್ಟಲೆ ಸತ್ತು ಬಿದ್ದವು.

ಬಾಟಲಿಯ ಮೇಲೆ ಕೆಂಪು ತ್ರಿಕೋನವಿದೆ, ತಲೆಬುರುಡೆಯ ಚಿತ್ರವಿದೆ, ಕೈಗವಸು ಹಾಕಿಕೊಳ್ಳಿ ಎಂಬ ಸೂಚನೆಯೂ ಇದೆ. ಕೆಂಪು ಬಣ್ಣವೆಂದರೆ ಅತ್ಯಂತ ವಿಷಕಾರಿ ಎಂದರ್ಥ. ಹಾಗಿದ್ದರೂ ರೈತ ಎಚ್ಚರ ತಪ್ಪಿದ ಎಂದು ಸುಲಭವಾಗಿ ಹೇಳಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎದೆಮಟ್ಟ ಬೆಳೆದ ಹತ್ತಿಯ ನಡುವೆ, ಸುಡುವ ಬಿಸಿಲಿನಲ್ಲಿ, ರಬ್ಬರಿನ ಕೈಗವಸು, ಮುಖಗವಸು, ಮೈತುಂಬ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು ದಿನವಿಡೀ ಹೊಡೆಯಲು ಯಾವ ಕೂಲಿಯಾಳಿಗೆ ಸಾಧ್ಯ? ಪಾಲಿಸಲಾಗದ ಸೂಚನೆಯನ್ನು ಅಚ್ಚು ಹಾಕಿದ ಮಾತ್ರಕ್ಕೆ ಮಾರುವವರ ಹೊಣೆ ಕಳೆಯುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗಲೇ ವಿಷವೇರಿ ಹಲವು ರೈತರು, ಕೂಲಿಗಳು ಸತ್ತರು. ಅವರೂ ನಮ್ಮ ಕಾಕಾನ ಹಾಗೆ ಕೆಲಸಕ್ಕೆಂದು ಹೋದವರು.

ಹೊಲದಿಂದಾಚೆಗೂ ಈ ವಿಷ ಬಂದಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿದ್ದದ್ದು ಮೊನೊಕ್ರೊಟೊಫಾಸ್. 2018ರ ಡಿಸೆಂಬರ್‌ನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತರು. ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ಅಲ್ಲಿ ಕೊಂದವರ ದುಷ್ಟತನ ಬೇರೆಯೇ ಮಾತು. ಆದರೆ ಇಂಥ ವಿಷ ಊರೂರಿನ ಅಂಗಡಿಯಲ್ಲಿ ಅಷ್ಟು ಸುಲಭವಾಗಿ ಸಿಗುತ್ತಿದ್ದುದನ್ನು ಬೇರೆಯೆಂದು ತಳ್ಳಿಹಾಕಲಾಗದು.

ನಿಷೇಧಿಸಿದರೆ ಬೆಳೆ ಕುಸಿಯುತ್ತದೆ ಎಂಬ ಹೆದರಿಕೆಯನ್ನು ನಾನೂ ಕೇಳಿ ಬೆಳೆದವನು. ಶ್ರೀಲಂಕಾ 1995ರಲ್ಲೇ ಮೊನೊಕ್ರೊಟೊಫಾಸ್ ಅನ್ನು ಕೈಬಿಟ್ಟಿತು. ಇಂಥ ಅತಿವಿಷಗಳನ್ನು ಒಂದೊಂದಾಗಿ ತೆಗೆದ ಮೇಲೆ ಅಲ್ಲಿ ಆತ್ಮಹತ್ಯೆಯ ಪ್ರಮಾಣವೂ ಗಣನೀಯವಾಗಿ ಇಳಿಯಿತು, ಬೇಸಾಯವೇನೂ ಅದರಿಂದ ಕುಸಿಯಲಿಲ್ಲ. ನಮ್ಮ ಕೇಂದ್ರ ಸರ್ಕಾರ ಮೊನೊಕ್ರೊಟೊಫಾಸ್‌ನ 36 ಪ್ರತಿಶತದ ದ್ರಾವಣವನ್ನು ನಿಷೇಧಿಸುವ ಆದೇಶ ಹೊರಡಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಅದೂ ಉಳಿದ ದಾಸ್ತಾನು ಮಾರಿ ಮುಗಿಸಲು ಕಾಲಾವಕಾಶ ಕೊಟ್ಟು. ಇಪ್ಪತ್ತೆಂಟು ವರ್ಷಗಳ ಈ ಅಂತರವನ್ನು ನಾನು ಕ್ಷಮಿಸಲಾರೆ.

ಆದೇಶ ಬಂದಮಾತ್ರಕ್ಕೆ ಮನೆಗಳಲ್ಲಿ ಉಳಿದದ್ದು ಮಾಯವಾಗುವುದಿಲ್ಲ. ಕಳೆದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮ ಅಟ್ಟದ ಮೇಲೆ, ಹಳೆಯ ಕೊಡಗಳ ಹಿಂದೆ, ಅರ್ಧ ತುಂಬಿದ ಒಂದು ಬಾಟಲಿ ಸಿಕ್ಕಿತು. ಅದನ್ನು ಬಾವಿಯ ಕಡೆಗಾಗಲಿ ಹಳ್ಳಕ್ಕಾಗಲಿ ಚೆಲ್ಲುವಂತಿಲ್ಲ, ಸುಡುವಂತಿಲ್ಲ, ಗುಜರಿಗೆ ಹಾಕುವಂತೆಯೂ ಇಲ್ಲ. ಗೊಬ್ಬರದಂಗಡಿಯವರು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಮಾರುವಾಗ ಪ್ರತಿ ಹಳ್ಳಿಯನ್ನೂ ಮುಟ್ಟಿದವರು, ಉಳಿದ ಬಾಟಲಿಗಳನ್ನು ಹಿಂದಕ್ಕೆ ಪಡೆಯಲೂ ಪ್ರತಿ ಹಳ್ಳಿಗೆ ಬರಬೇಕು. ಅದನ್ನು ಮಾಡಿಸಬೇಕಾದದ್ದು ಕೃಷಿ ಇಲಾಖೆ. ಸದ್ಯಕ್ಕೆ ನಮ್ಮ ಮನೆಯ ಬಾಟಲಿ ಬೀಗ ಹಾಕಿದ ಟ್ರಂಕಿನಲ್ಲಿದೆ, ಬೀಗದ ಕೈ ಕಾಕಾನ ಉಡಿದಾರದಲ್ಲಿದೆ.