ಮನೆ ತುಂಬಾ ಜನ, ಮಾತಿಗೆ ಯಾರೂ ಇಲ್ಲ

2020ರ ಮಾರ್ಚ್ 23ರ ರಾತ್ರಿ ನಾನಿರುವ ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಅಂದರು, ಮರುದಿನ ರಾತ್ರಿ ಭಾರತದಲ್ಲಿ. ಇಲ್ಲಿ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಒಬ್ಬರೇ. ಮೈಸೂರಿನಲ್ಲಿ ಅಪ್ಪ, ಅಣ್ಣನ ಮನೆಯಲ್ಲಿ. ನನಗೆ ಚಿಂತೆ ಇದ್ದದ್ದು ಅಜ್ಜಿಯದೇ. ಅಪ್ಪನಿಗೇನು, ಮನೆ ತುಂಬಾ ಜನ ಅಲ್ವಾ?

ಇಲ್ಲಿ ಒಂಟಿತನ ಮುಚ್ಚಿಡುವ ಮಾತಲ್ಲ. 2018ರಲ್ಲೇ ಅದಕ್ಕೊಬ್ಬ ಮಂತ್ರಿಯನ್ನು ನೇಮಿಸಿದಾಗ ನಾವು ಕನ್ನಡಿಗರು ಸೇರಿಕೊಂಡು ನಕ್ಕಿದ್ದೇ ನಕ್ಕಿದ್ದು. ಕೋವಿಡ್ ಬಂದಾಗ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸ್ವಯಂಸೇವಕರನ್ನು ಕರೆದರೆ ವಾರದೊಳಗೆ 7.5 ಲಕ್ಷ ಜನ ಹೆಸರು ಕೊಟ್ಟರು. ಎಷ್ಟೋ ಜನರಿಗೆ ಕೆಲಸವೇ ಸಿಗಲಿಲ್ಲ, ಅದು ಬೇರೆ ಮಾತು. ಅಜ್ಜಿಗಂತೂ ಸುಮ್ನೆ ಮಾತಾಡೋಕೆ ಅಂತಲೇ ಫೋನ್ ಬರುತ್ತಿತ್ತು. ಜೂನ್ 13ರಿಂದ ‘ಸಪೋರ್ಟ್ ಬಬಲ್’ ಬಂತು. ಒಂಟಿಯಾಗಿರುವವರು ಇನ್ನೊಂದೇ ಒಂದು ಮನೆಯ ಜೊತೆ ಸೇರಬಹುದಿತ್ತು. ಅಜ್ಜಿ ನಮ್ಮ ಮನೆ ಆರಿಸಿಕೊಂಡರು.

ಅಪ್ಪನಿಗೆ ಕುಕ್ಕರಹಳ್ಳಿ ಕೆರೆ ಏರಿಯ ವಾಕಿಂಗ್ ನಿಂತಿತ್ತು. ಬೆಂಚಿನ ಗೆಳೆಯರಿಲ್ಲ. ಪೇಪರ್ ಮುಟ್ಟಬೇಡಿ, ಗೇಟಿಗೆ ಹೋಗಬೇಡಿ. ಅಣ್ಣ ಅತ್ತಿಗೆ ಲ್ಯಾಪ್‌ಟಾಪ್ ಮುಂದೆ, ಮಕ್ಕಳಿಗೆ ಆನ್‌ಲೈನ್ ಕ್ಲಾಸು. ಎಲ್ಲರಿಂದ ‘ಶ್’ ಅನ್ನಿಸಿಕೊಂಡು ಅಪ್ಪ ರೂಮು ಸೇರಿದರು. ಭಾನುವಾರದ ವಿಡಿಯೊ ಕಾಲ್‌ನಲ್ಲಿ ನಾನು ಕೇಳುತ್ತಿದ್ದದ್ದು ಮಾತ್ರೆ, ಊಟ, ಮಾಸ್ಕ್. ‘ಎಲ್ಲಾ ಆರಾಮ’ ಅನ್ನುತ್ತಿದ್ದರು. ಆಮೇಲೆ ಗಡ್ಡ ಬಿಟ್ಟರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಮಂಡಿನೋವು ಜಾಸ್ತಿ ಅಂದರು. ಫೋನಿನಲ್ಲೇ ವಿಚಾರಿಸಿದ ಡಾಕ್ಟರು ಇದು ಮಂಡಿಯದ್ದಲ್ಲ, ಡಿಪ್ರೆಶನ್ ಅಂದರು. ಅಣ್ಣನಿಗೆ ಸಿಟ್ಟು ಬಂತು. ‘ನಾವೇನು ಕಡಿಮೆ ಮಾಡಿದ್ದೀವಿ?’

ನಮ್ಮ ತೊಡಕು ಇದೇ. ವಯಸ್ಸಾದವರಿಗೆ ಬೇಜಾರು ಅಂದರೆ ಮಕ್ಕಳು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಲೇ ಅರ್ಥ. ಅದಕ್ಕೇ ಅವರು ಹೇಳಲ್ಲ, ನಾವು ಕೇಳಲ್ಲ. ಇಲ್ಲಿ ಅಜ್ಜಿ, ‘ಈ ವಾರ ತುಂಬಾ ಒಂಟಿ ಅನ್ನಿಸ್ತು’ ಅಂತ ಮಳೆ ಬಂತು ಅಂದಷ್ಟೇ ಸಲೀಸಾಗಿ ಹೇಳುತ್ತಿದ್ದರು. ಇಲ್ಲಿನದೆಲ್ಲ ಚೆನ್ನ ಅಂತಲ್ಲ. ವೃದ್ಧಾಶ್ರಮಗಳ ಕಿಟಕಿಯಾಚೆ ನಿಂತು ಮಕ್ಕಳು ಕೈ ಬೀಸಿದ್ದನ್ನೂ ನೋಡಿದ್ದೇವೆ.

ಅಪ್ಪನಿಗೆ ಮಾತ್ರೆ ಶುರುವಾಯಿತು. ಜೊತೆಗೆ ಅಣ್ಣನ ಮಗಳು ಬೆಂಚಿನ ಗೆಳೆಯರ ನಂಬರ್ ಹುಡುಕಿ, ಸಂಜೆ ಐದಕ್ಕೆ ಗ್ರೂಪ್ ಕಾಲ್ ಹಚ್ಚಿಕೊಟ್ಟಳು. ಎಲ್ಲರೂ ಒಟ್ಟಿಗೇ ಮಾತಾಡುವುದು, ಯಾರಿಗೂ ಏನೂ ಕೇಳಿಸದು. ಕೆಆರ್‌ಎಸ್‌ನಲ್ಲಿ ನೀರು ಎಷ್ಟು ಅಡಿ ಬಂತು ಅಂತ ದಿನಾ ಜಗಳ. ಒಂದು ಭಾನುವಾರ ಅದೇ ಹೊತ್ತಿಗೆ ನಾನು ಫೋನ್ ಮಾಡಿದೆ. ‘ಆಮೇಲೆ ಮಾಡೋ, ಲೈನಲ್ಲಿ ಜನ ಇದ್ದಾರೆ’ ಅಂತ ಅಪ್ಪ ಇಟ್ಟೇಬಿಟ್ಟರು.