ಮುದ್ದೆ ತಿರುವಲು ಜಾಗವಿಲ್ಲದ ಮನೆ

ಕಳೆದ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಕೋಲಾರ ಪಟ್ಟಣದ ಅಂಚಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಕಟ್ಟಡ, ಮೂರನೆಯ ಮಹಡಿ. ನಾನು ಬಂದೆನೆಂದು ಚಿಕ್ಕಮ್ಮ ಮುದ್ದೆ, ಬಸ್ಸಾರು ಮಾಡಲು ಹೊರಟರು. ಅಡುಗೆಮನೆಯಲ್ಲಿ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಸೊಂಟದ ಎತ್ತರಕ್ಕೆ ಕಡಪ ಕಲ್ಲಿನ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ. ಎಸರು ಕುದಿಯಿತು, ಹಿಟ್ಟು ಹಾಕಿದ್ದಾಯಿತು, ಬೆಂದದ್ದೂ ಆಯಿತು. ತಿರುವುವ ಹೊತ್ತಿಗೆ ಚಿಕ್ಕಮ್ಮ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸಿಕೊಂಡು ಮುಂದಿನ ಕೋಣೆಗೆ ಬಂದರು. ಅಲ್ಲಿ ಮೊಮ್ಮಗ ಮಲಗಿದ್ದ. ಅವನನ್ನು ಚಾಪೆಯ ಸಮೇತ ಗೋಡೆಯ ಕಡೆಗೆ ಎಳೆದು, ಬಾಗಿಲು ತೆರೆದು, ಹೊಸ್ತಿಲ ಬಳಿ ಕುಳಿತು, ಎರಡೂ ಪಾದಗಳಿಂದ ಬಿಸಿ ಪಾತ್ರೆಯನ್ನು ಬಟ್ಟೆಯ ಮೇಲೆ ಅದುಮಿ ಹಿಡಿದು ಕೋಲು ತಿರುವತೊಡಗಿದರು. ಅವರ ಒಂದು ಮೊಣಕಾಲು ಮನೆಯ ಒಳಗಿತ್ತು, ಇನ್ನೊಂದು ಓಣಿಯಲ್ಲಿತ್ತು.

ಐದಾರು ಜನರಿಗಾಗುವ ಮುದ್ದೆಯನ್ನು ಕಟ್ಟೆಯ ಮುಂದೆ ನಿಂತು ತಿರುವುವುದು ಕಷ್ಟ. ತಿರುವಿದವರಿಗೆ ಇದು ಗೊತ್ತು. ಹಿಟ್ಟು ಗಂಟು ಕಟ್ಟದಿರಬೇಕಾದರೆ ಇಡೀ ಮೈಯ ಭಾರ ಕೋಲಿನ ಮೇಲೆ ಬೀಳಬೇಕು. ಊರಿನ ಮನೆಯಲ್ಲಿ ಒಲೆ ನೆಲದ ಮಟ್ಟದಲ್ಲಿತ್ತು, ಪಾತ್ರೆ ಅಲುಗದಂತೆ ಹಿಡಿಯಲು ಕವೆಗೋಲು ಇತ್ತು, ಕೂರಲು ಜಾಗವಿತ್ತು. "ಅದಕ್ಕೇ ವಾರಕ್ಕೆ ಒಂದೇ ದಿನ ಕಣಮ್ಮ. ಮಿಕ್ಕ ದಿನ ಕುಕ್ಕರ್ ಇಟ್ಟುಬಿಡುತ್ತೇನೆ" ಎಂದರು ಚಿಕ್ಕಮ್ಮ.

ಅವತ್ತಿನಿಂದ ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ರಾಗಿ ತಿನ್ನಿ, ಆರೋಗ್ಯ ಉಳಿಸಿ" ಎಂದು ಬೀದಿಯಲ್ಲಿ ಕೂಗಿಸಿದ್ದೇನೆ. ಯಾವ ಸಭೆಗೆ ಹೋದರೂ ಅದೇ ಭಾಷಣ: ಜನ ರಾಗಿಯನ್ನು ಮರೆತಿದ್ದಾರೆ, ಅರಿವು ಮೂಡಿಸಬೇಕು. ಕೋಲಾರದ ಹೆಂಗಸಿಗೆ ರಾಗಿಯ ಅರಿವು ಮೂಡಿಸುವುದೇ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆ ಅಂಕಿ ಚಿಕ್ಕಮ್ಮನಿಗೆ ಗೊತ್ತಿಲ್ಲ. ಆದರೆ ಮುದ್ದೆ ಉಂಡ ಮೈ ಸಂಜೆಯವರೆಗೆ ತಡೆಯುತ್ತದೆ, ಅನ್ನ ಉಂಡರೆ ಮೂರು ಗಂಟೆಗೇ ಹಸಿವಾಗುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಪಡಿತರದಲ್ಲಿ ರಾಗಿ ಕೊಡುವುದಿಲ್ಲವೇ ಎಂದು ಕೇಳಬಹುದು. ನಮ್ಮ ಕಡೆ ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ನಿಲ್ಲುತ್ತದೆ. ಬಂದ ರಾಗಿ ಕಾಳಿನ ರೂಪದಲ್ಲಿರುತ್ತದೆ. ಅದನ್ನು ಕೇರಬೇಕು, ಕಲ್ಲು ಮಣ್ಣು ಹೋಗುವಂತೆ ತೊಳೆಯಬೇಕು, ಬಿಸಿಲಿಗೆ ಹರಡಿ ಒಣಗಿಸಬೇಕು, ಆಮೇಲೆ ಹಿಟ್ಟಿನ ಗಿರಣಿಗೆ ಹೊರಬೇಕು. ಚಿಕ್ಕಮ್ಮನ ಕಟ್ಟಡದ ತಾರಸಿಗೆ ಬೀಗ. ಮೇಲೆ ನೀರಿನ ಟ್ಯಾಂಕ್‌ಗಳಿವೆ, ಯಾರೂ ಹತ್ತಬಾರದು. ಗಿರಣಿ ಎರಡು ಕಿಲೋಮೀಟರ್ ದೂರ, ಆಟೋಗೆ ಹೋಗಿ ಬರುವ ಬಾಡಿಗೆ ಬೀಸುವ ಕೂಲಿಗಿಂತ ಹೆಚ್ಚು. ಅಕ್ಕಿಗೆ ಇದ್ಯಾವುದೂ ಬೇಡ. ಚೀಲದಿಂದ ನೇರವಾಗಿ ಕುಕ್ಕರಿಗೆ, ಮೂರು ಕೂಗು, ಮುಗಿಯಿತು.

ಸೊಸೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಪಾಳಿಯಿದ್ದರೆ ಐದು ಗಂಟೆಗೆ ಕಂಪನಿಯ ಬಸ್ ಬರುತ್ತದೆ. ಆ ಹೊತ್ತಿಗೆ ಎದ್ದು ರಾಗಿ ತಿರುವು ಎಂದು ಅವಳಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಇದನ್ನು ಓದಿ ಅನ್ನಭಾಗ್ಯದ ಮೇಲೆ ಕಲ್ಲೆಸೆಯಲು ಯಾರಾದರೂ ಹೊರಟರೆ ದಯವಿಟ್ಟು ನಿಲ್ಲಿ. 2013ರ ಜುಲೈಯಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಬಂದಾಗ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟದ ಚಿಂತೆ ತಪ್ಪಿತು. ಬರಗಾಲದಲ್ಲಿ ಗಂಜಿ ಕುಡಿದು ಮಲಗಿದ ನಮ್ಮ ಅಜ್ಜಿಗೆ ಅನ್ನವೆಂದರೆ ಯುಗಾದಿ, ಗೌರಿ ಹಬ್ಬ, ಇಲ್ಲವೇ ಗೌಡರ ಮನೆಯ ಮದುವೆ. ದಿನವೂ ಅನ್ನ ಉಣ್ಣುವವರು ಬೇರೆ ಜನ ಎಂದು ನಂಬಿ ಬದುಕಿದವರ ತಟ್ಟೆಗೆ ಅನ್ನ ಬಂದದ್ದು ಸಣ್ಣ ವಿಷಯವಲ್ಲ. ಅಕ್ಕಿಯನ್ನು ಕಿತ್ತುಕೊಳ್ಳಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹೊಟ್ಟೆ ತುಂಬಿದವರು ಬಡವರ ಅಕ್ಕಿಯನ್ನು ಟೀಕಿಸುವುದನ್ನು ಕೇಳಿದರೆ ಮೈ ಉರಿಯುತ್ತದೆ.

ನನ್ನ ತಕರಾರು ಮನೆಯ ಬಗ್ಗೆ. ಮಾಲೂರು ತಾಲ್ಲೂಕಿನ ಹಳ್ಳಿಯಲ್ಲಿ ನಾನು ಬೆಳೆದದ್ದೂ ಸರ್ಕಾರ ಕೊಟ್ಟ ಆಶ್ರಯ ಮನೆಯಲ್ಲೇ. 20 ಅಡಿ, 30 ಅಡಿಯ ಸೈಟು, ಒಂದು ಕೋಣೆ, ಒಂದು ನಡುಮನೆ, ಶೀಟಿನ ಸೂರು. ಮಳೆ ಬಂದರೆ ಸೋರುತ್ತಿತ್ತು. ಆದರೆ ಹಿಂದೆ ನಾಲ್ಕು ಮಾರು ಹಿತ್ತಿಲಿತ್ತು. ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ಬಾಳೆ, ಒಂದು ನುಗ್ಗೆ, ಒಂದು ಕರಿಬೇವು. ಬೇಲಿಯ ಮೇಲೆ ಅವರೆ ಬಳ್ಳಿ. ಮಂಕರಿಯ ಅಡಿಯಲ್ಲಿ ಮೂರು ಕೋಳಿ. ಅಮ್ಮ ಕೂಲಿಯಿಂದ ಬರುವಾಗ ಮಡಿಲಲ್ಲಿ ಅಣ್ಣೆ ಸೊಪ್ಪು, ಹೊನಗೊನೆ, ಗೋಣಿ ಸೊಪ್ಪು ತರುತ್ತಿದ್ದರು. ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ನಾವು ಒಂದು ಪೈಸೆಯನ್ನೂ ಕೊಟ್ಟವರಲ್ಲ. ಮೊಟ್ಟೆಯನ್ನು ಅಂಗಡಿಯಲ್ಲಿ ಕೊಂಡ ನೆನಪೂ ನನಗಿಲ್ಲ. ಕೂಲಿಯವರ ಮಕ್ಕಳಾದರೂ ನಾವು ಗಟ್ಟಿಯಾಗಿದ್ದೆವೆಂದರೆ ಆ ನಾಲ್ಕು ಮಾರು ನೆಲದ ಪಾಲು ಅದರಲ್ಲಿ ದೊಡ್ಡದು.

ಈಗ ಪಟ್ಟಣದಲ್ಲಿ ಜಾಗವಿಲ್ಲ, ಹಾಗಾಗಿ ಮನೆಗಳು ಮೇಲಕ್ಕೆ ಹೋದವು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲರ ಮನೆಯ ಒಳ ವಿಸ್ತೀರ್ಣ 30 ಚದರ ಮೀಟರ್‌ವರೆಗೆ ಇತ್ತು. ಗ್ರಾಮೀಣ ವಿಭಾಗದಲ್ಲಿ ಕನಿಷ್ಠ 25 ಚದರ ಮೀಟರ್, ಅದರಲ್ಲಿ ಅಡುಗೆಗೆ ಶುಚಿಯಾದ ಜಾಗ ಇರಬೇಕೆಂದು ನಿಯಮವೇ ಹೇಳುತ್ತದೆ. ಒಳ್ಳೆಯದೇ. ಆದರೆ ಆ ಜಾಗದಲ್ಲಿ ಏನು ಬೇಯುತ್ತದೆ, ಬೇಯಿಸುವವಳು ನಿಲ್ಲುತ್ತಾಳೋ ಕೂರುತ್ತಾಳೋ ಎಂದು ಯಾರಾದರೂ ಕೇಳಿದ್ದಾರೆಯೇ? ಮೂರನೆಯ ಮಹಡಿಯಲ್ಲಿ ಕೋಳಿ ಸಾಕಲಾಗದು. ಬಚ್ಚಲ ನೀರು ಕೊಳವೆಯಲ್ಲಿ ಇಳಿದು ಚರಂಡಿ ಸೇರುತ್ತದೆ. ಸೊಪ್ಪಿನ ಗಾಡಿ ಊರೊಳಗೆ ತಿರುಗುತ್ತದೆ, ಅಂಚಿನ ಬಡಾವಣೆಯವರೆಗೆ ಬರುವುದಿಲ್ಲ. ಕೆಳಗಿನ ಗೂಡಂಗಡಿಯಲ್ಲಿ ಮಾತ್ರ ಐದು ರೂಪಾಯಿಯ ಎಣ್ಣೆ ತಿಂಡಿಯ ಪೊಟ್ಟಣಗಳು ತೋರಣದಂತೆ ತೂಗುತ್ತಿರುತ್ತವೆ. ಟೊಮೆಟೊ, ಹಾಲು, ತರಕಾರಿಯನ್ನು ಲಾರಿಗಟ್ಟಲೆ ಹೊರಗೆ ಕಳಿಸುವ ಜಿಲ್ಲೆ ಇದು.

ಚಿಕ್ಕಮ್ಮ ಈ ಮನೆಯನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೊದಲು ಬಾಡಿಗೆಗಿದ್ದಾಗ ಮನೆ ಕೇಳಲು ಹೋದಲ್ಲೆಲ್ಲ "ನೀವು ಯಾವ ಜನ, ಮಾಂಸ ತಿನ್ನುತ್ತೀರಾ" ಎಂಬ ಪ್ರಶ್ನೆ. ಕೊನೆಗೆ ಸಿಕ್ಕ ಮನೆಯಲ್ಲಿ ಒಣ ಮೀನು ಹುರಿದ ದಿನ ಮಾಲೀಕರು ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದರು. "ಇಲ್ಲಿ ನನ್ನ ಒಲೆಯ ಮೇಲೆ ಏನಿದೆ ಎಂದು ಕೇಳುವವರಿಲ್ಲ" ಎಂದು ಚಿಕ್ಕಮ್ಮ ಹೇಳುವಾಗ ದನಿ ಬದಲಾಗುತ್ತದೆ. ಸರ್ಕಾರಿ ಮನೆ ಕೊಟ್ಟ ಈ ಮರ್ಯಾದೆಯನ್ನು ನಾನು ಚಿಕ್ಕದು ಮಾಡಲಾರೆ. ಇಷ್ಟು ದೊಡ್ಡದನ್ನು ಕೊಟ್ಟವರು ಕೂರುವಷ್ಟು ಜಾಗವನ್ನೂ ಒಂದಿಷ್ಟು ಬಿಸಿಲನ್ನೂ ಕೊಡಬಹುದಿತ್ತಲ್ಲ ಎಂಬುದೇ ನೋವು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 35.4 ಶೇಕಡಾ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ 65.5 ಶೇಕಡಾ ಮಕ್ಕಳಿಗೆ ರಕ್ತಹೀನತೆ. ಆ ಮಕ್ಕಳೇ ಬೆಳೆದು ನಮ್ಮ ತರಗತಿಗೆ ಬರುತ್ತಾರೆ. ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಇವೆ. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೂಡ ಸೇರಿದೆ. ಮಾಲ್ಟ್ ಕೊಟ್ಟ ದಿನ ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕುವ ಮಕ್ಕಳನ್ನು ನೋಡುತ್ತೇನೆ. ರಾಗಿ ಇವರಿಗೆ ಬೇಡವೆಂದು ಯಾರು ಹೇಳಿದರು?

2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ, ಗೋಧಿಯ ಜೊತೆ ಒರಟು ಧಾನ್ಯಕ್ಕೂ ಜಾಗವಿದೆ. 2024-25ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ನಮ್ಮ ರೈತರು ಖರೀದಿ ಕೇಂದ್ರದ ಮುಂದೆ ಸಾಲುಗಟ್ಟಿ ಮಾರುತ್ತಾರೆ. ಬೆಳೆಯುವವರು ಇದ್ದಾರೆ, ಕೊಳ್ಳುವ ಸರ್ಕಾರ ಇದೆ, ಉಣ್ಣುವವರು ಕಾದಿದ್ದಾರೆ. ಕೊನೆಯ ಎರಡು ಕಿಲೋಮೀಟರಿನಲ್ಲಿ ಎಲ್ಲವೂ ನಿಲ್ಲುತ್ತದೆ. ಬಡಾವಣೆ ಕಟ್ಟುವಾಗಲೇ ನೆಲ ಅಂತಸ್ತಿನಲ್ಲಿ ಒಂದು ಗಿರಣಿಗೆ ಕೋಣೆ ಬಿಡಿ, ಅದನ್ನು ಅಲ್ಲಿನ ಸ್ತ್ರೀಶಕ್ತಿ ಸಂಘಕ್ಕೆ ಕೊಡಿ. ತಾರಸಿಗೆ ಎತ್ತರದ ಕಟ್ಟೆ ಹಾಕಿ ತೆರೆದಿಡಿ. ಅಡುಗೆಮನೆಯ ನೆಲದಲ್ಲಿ ಒಬ್ಬರು ಕೂರುವಷ್ಟು ಅಗಲ ಇರಲಿ. ನಕ್ಷೆ ಬರೆಯುವ ಎಂಜಿನಿಯರುಗಳು ಒಮ್ಮೆ ನಮ್ಮ ಮನೆಗಳಲ್ಲಿ ಮುದ್ದೆ ಮಾಡುವುದನ್ನು ನೋಡಲಿ. ನೋಡಿದ ಮೇಲೆ ಗೆರೆ ಎಳೆಯಲಿ.

ಊಟವಾದ ಮೇಲೆ ಚಿಕ್ಕಮ್ಮ, ಪಕ್ಕದ ಮನೆಯ ಇಬ್ಬರು ಹೆಂಗಸರು, ನಾನು ನಾಲ್ವರೂ ಸೇರಿ ಕಟ್ಟಡದ ಉಸ್ತುವಾರಿಯವರ ಬಳಿ ಹೋಗಿ ತಾರಸಿಯ ಬೀಗದ ಕೈ ಕೇಳಿದೆವು. ಟ್ಯಾಂಕ್ ಮುಟ್ಟುವುದಿಲ್ಲವೆಂದು ಬರೆದು ಸಹಿ ಮಾಡಿಸಿಕೊಂಡು, ಭಾನುವಾರ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಕೊಡಲು ಒಪ್ಪಿದ್ದಾರೆ. ಚಿಕ್ಕಮ್ಮ ಆಗಲೇ ಮೂರು ಮನೆಗಳ ರಾಗಿಯನ್ನು ಒಟ್ಟಿಗೆ ಒಣಗಿಸಿ ಒಂದೇ ಆಟೋದಲ್ಲಿ ಗಿರಣಿಗೆ ಕಳಿಸುವ ಲೆಕ್ಕ ಹಾಕುತ್ತಿದ್ದರು.